ಗುರುತಿನ ಸಂಖ್ಯೆಯೂ ನಾಗರಿಕನ ಖಾಸಗಿತನವೂ

ಇಂದು ನಮ್ಮ ದೇಶದ ಪ್ರತಿಯೊಬ್ಬ ನಾಗರಿಕನ ಬದುಕು ಹಲವು ಸಂಖ್ಯೆಗಳೊಡನೆ ಹೆಣೆದುಕೊಂಡಿದೆ. ಪಡಿತರ ಚೀಟಿಗೆ ಒಂದು ಸಂಖ್ಯೆ, ಮತದಾರರ ಗುರುತಿನ ಚೀಟಿಗೆ ಒಂದು, ಆದಾಯ ತೆರಿಗೆಗೆ ಒಂದು, ಬ್ಯಾಂಕಿನ ಖಾತೆಗೆ ಇನ್ನೊಂದು. ಇವೆಲ್ಲಕ್ಕೂ ಮೇಲಾಗಿ ಹನ್ನೆರಡು ಅಂಕಿಗಳ ಆಧಾರ್ ಸಂಖ್ಯೆ. ಈ ಸಂಖ್ಯೆಗಳು ನಮಗೆ ಸೌಲಭ್ಯಗಳನ್ನು ತಲುಪಿಸುತ್ತವೆ. ಅದರೊಡನೆ ನಮ್ಮ ಹೆಸರು, ವಿಳಾಸ, ಹುಟ್ಟಿದ ದಿನಾಂಕ, ಬೆರಳಚ್ಚು ಮೊದಲಾದ ವಿವರಗಳು ನಮ್ಮ ಕಣ್ಣಿಗೆ ಕಾಣದ ದಾಖಲೆಗಳಲ್ಲಿ ಸೇರಿಕೊಳ್ಳುತ್ತವೆ.

ಹೀಗೆ ಸೇರಿದ ವಿವರಗಳನ್ನು ಯಾರು ನೋಡಬಹುದು? ಪೊಲೀಸರು ಕೇಳಿದರೆ ಕೊಡಬೇಕೆ? ನ್ಯಾಯಾಲಯ ಆಜ್ಞೆ ಮಾಡಿದರೆ? ಸ್ವಂತ ಪತ್ನಿಯೇ ಪತಿಯ ವಿಳಾಸವನ್ನು ಕೇಳಿದರೆ? ಈ ಪ್ರಶ್ನೆಗಳಿಗೆ ದೆಹಲಿಯ ಸರ್ವೋಚ್ಚ ನ್ಯಾಯಾಲಯದಲ್ಲಿ ಹಲವು ವರ್ಷಗಳ ಕಾಲ ಉತ್ತರ ಹುಡುಕಲಾಯಿತು. ಆ ಮೊಕದ್ದಮೆಗೆ ಹೆಸರು ಬಂದುದು ಕನ್ನಡ ನಾಡಿನ ಒಬ್ಬ ನಿವೃತ್ತ ನ್ಯಾಯಮೂರ್ತಿಗಳಿಂದ. ಅಲ್ಲಿ ದೊರೆತ ಉತ್ತರವನ್ನು ಹುಬ್ಬಳ್ಳಿಯ ಒಬ್ಬ ಮಹಿಳೆಯ ಪ್ರಕರಣ ಅತ್ಯಂತ ಕಠಿಣವಾಗಿ ಪರೀಕ್ಷೆಗೆ ಒಡ್ಡಿತು. ಈ ಎರಡನ್ನೂ ಅರಿತುಕೊಂಡರೆ ಈ ವಿಷಯದಲ್ಲಿ ನಾಗರಿಕರ ಹಕ್ಕು ಮತ್ತು ಹೊಣೆಗಳು ಸ್ಪಷ್ಟವಾಗುತ್ತವೆ.

ಸಂಖ್ಯೆ ಮತ್ತು ಅದರ ಹಿಂದಿರುವ ದಾಖಲೆ

ಎಲ್ಲ ಗುರುತಿನ ಸಂಖ್ಯೆಗಳೂ ಒಂದೇ ಬಗೆಯವಲ್ಲ. ಆದಾಯ ತೆರಿಗೆಯ ಪ್ಯಾನ್ ಸಂಖ್ಯೆಯಲ್ಲಿ ಹತ್ತು ಅಕ್ಷರಾಂಕಗಳಿರುತ್ತವೆ. ಅದರ ನಾಲ್ಕನೆಯ ಅಕ್ಷರವು ಅದನ್ನು ಪಡೆದವರು ವ್ಯಕ್ತಿಯೋ, ಕಂಪನಿಯೋ, ನ್ಯಾಸವೋ ಎಂಬುದನ್ನು ಸೂಚಿಸುತ್ತದೆ. ಮತದಾರರ ಚೀಟಿಯ ಸಂಖ್ಯೆಯು ಮತದಾರರ ಪಟ್ಟಿಯಲ್ಲಿಯೇ ಅಚ್ಚಾಗುತ್ತದೆ. ಚುನಾವಣೆ ಶುದ್ಧವಾಗಿ ನಡೆಯಬೇಕಾದರೆ ಆ ಪಟ್ಟಿ ಬಹಿರಂಗವಾಗಿರಬೇಕು. ಆಧಾರ್ ಸಂಖ್ಯೆಯ ಸ್ವರೂಪ ಬೇರೆ. ಅದರ ಅಂಕಿಗಳಿಂದ ಊರು, ಜಾತಿ, ವಯಸ್ಸು ಯಾವುದನ್ನೂ ತಿಳಿಯಲಾಗದು. ಕೊನೆಯ ಅಂಕಿಯು ಉಳಿದ ಹನ್ನೊಂದು ಅಂಕಿಗಳನ್ನು ತಾಳೆ ನೋಡುವ ಅಂಕಿ. ಡಚ್ ಗಣಿತಜ್ಞ ಯಾಕೋಬಸ್ ವೆರ್‌ಹೂಫ್ 1969ರಲ್ಲಿ ರೂಪಿಸಿದ ಕ್ರಮದಂತೆ ಅದನ್ನು ಲೆಕ್ಕ ಹಾಕುವುದರಿಂದ, ಬರೆಯುವಾಗ ಒಂದು ಅಂಕಿ ತಪ್ಪಿದರೂ ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದರೂ ತಪ್ಪು ಪತ್ತೆಯಾಗುತ್ತದೆ.

ಹೀಗೆ ಸಂಖ್ಯೆ ತಾನಾಗಿ ಏನನ್ನೂ ಹೇಳುವುದಿಲ್ಲ. ಮಹತ್ವವಿರುವುದು ಅದರ ಹಿಂದಿರುವ ದಾಖಲೆಗೆ. ಭಾರತೀಯ ವಿಶಿಷ್ಟ ಗುರುತಿನ ಪ್ರಾಧಿಕಾರವು 2009ರ ಜನವರಿಯಲ್ಲಿ ಸ್ಥಾಪನೆಯಾಯಿತು. 2010ರ ಸೆಪ್ಟೆಂಬರ್ 29ರಂದು ಮಹಾರಾಷ್ಟ್ರದ ನಂದೂರ್‌ಬಾರ್ ಜಿಲ್ಲೆಯ ಟೆಂಭ್ಲಿ ಗ್ರಾಮದಲ್ಲಿ ಮೊದಲ ಸಂಖ್ಯೆಯನ್ನು ನೀಡಲಾಯಿತು. ಅಂದಿನಿಂದ ನೂರ ಮೂವತ್ತು ಕೋಟಿಗೂ ಹೆಚ್ಚು ಸಂಖ್ಯೆಗಳು ವಿತರಣೆಯಾಗಿವೆ. ಹೆಸರು, ಲಿಂಗ, ವಯಸ್ಸು, ವಿಳಾಸ, ಭಾವಚಿತ್ರ, ಹತ್ತು ಬೆರಳುಗಳ ಅಚ್ಚು, ಎರಡು ಕಣ್ಣುಪಾಪೆಗಳ ಚಿತ್ರ - ಇವು ಕೇಂದ್ರ ಭಂಡಾರದಲ್ಲಿ ಸಂಗ್ರಹವಾಗುವ ವಿವರಗಳು. ಪ್ರಾಧಿಕಾರದ ಮುಖ್ಯ ಕಚೇರಿ ನವದೆಹಲಿಯಲ್ಲಿದೆ. ದತ್ತಾಂಶ ಕೇಂದ್ರಗಳು ದೆಹಲಿಗೆ ಹೊಂದಿಕೊಂಡ ಹರಿಯಾಣದ ಮಾನೇಸರದಲ್ಲಿಯೂ ಬೆಂಗಳೂರಿನ ಹೆಬ್ಬಾಳದಲ್ಲಿಯೂ ಇವೆ. ಜಾತಿ, ಧರ್ಮ, ಭಾಷೆ, ಆದಾಯ, ಕಾಯಿಲೆಗಳ ವಿವರಗಳನ್ನು ಸಂಗ್ರಹಿಸಬಾರದೆಂದು ಕಾನೂನೇ ವಿಧಿಸಿದೆ.

ಬೀಗದ ಕೈ ಕಳೆದುಹೋದರೆ ಬೀಗವನ್ನು ಬದಲಾಯಿಸಬಹುದು. ಬೆರಳಚ್ಚನ್ನು ಬದಲಾಯಿಸಲು ಸಾಧ್ಯವಿಲ್ಲ. ಆದುದರಿಂದಲೇ ಈ ಭಂಡಾರದ ಬಾಗಿಲನ್ನು ಯಾರು, ಯಾವಾಗ, ಯಾರ ಅಪ್ಪಣೆಯಿಂದ ತೆರೆಯಬೇಕು ಎಂಬುದು ಸಾಮಾನ್ಯ ಕಚೇರಿ ನಿಯಮದ ಮಾತಲ್ಲ, ಮೂಲಭೂತ ಹಕ್ಕಿನ ಮಾತು.

ಖಾಸಗಿತನದ ಹಕ್ಕು ಬೆಳೆದುಬಂದ ಬಗೆ

ನಮ್ಮ ಸಂವಿಧಾನದ ಮೂರನೆಯ ಭಾಗದಲ್ಲಿ ‘ಖಾಸಗಿತನ’ ಎಂಬ ಪದ ಎಲ್ಲಿಯೂ ಇಲ್ಲ. 1954ರಲ್ಲಿ ಎಂ. ಪಿ. ಶರ್ಮ ಪ್ರಕರಣದಲ್ಲಿ ಎಂಟು ನ್ಯಾಯಾಧೀಶರ ಪೀಠವು, ಶೋಧನೆ ಮತ್ತು ಜಪ್ತಿಯ ವಿರುದ್ಧ ಅಂಥ ಹಕ್ಕನ್ನು ಸಂವಿಧಾನದಲ್ಲಿ ಓದಿಕೊಳ್ಳಲಾಗದು ಎಂದಿತು. 1962ರ ಖರಕ್ ಸಿಂಗ್ ಪ್ರಕರಣದಲ್ಲಿ ಉತ್ತರ ಪ್ರದೇಶದ ಪೊಲೀಸರು ರಾತ್ರಿಯ ವೇಳೆ ಮನೆಗೆ ಬಂದು ತಪಾಸಣೆ ಮಾಡುವುದನ್ನು ನ್ಯಾಯಾಲಯ ರದ್ದುಪಡಿಸಿತು. ಆದರೆ ಖಾಸಗಿತನವು ಮೂಲಭೂತ ಹಕ್ಕೆಂದು ಬಹುಮತದ ತೀರ್ಪು ಒಪ್ಪಲಿಲ್ಲ. ಅದು ವ್ಯಕ್ತಿಸ್ವಾತಂತ್ರ್ಯದ ಅಂಗವೇ ಎಂದು ನ್ಯಾಯಮೂರ್ತಿ ಸುಬ್ಬರಾವ್ ಅವರು ಭಿನ್ನಮತದಲ್ಲಿ ಬರೆದರು.

ಅನಂತರದ ತೀರ್ಪುಗಳಲ್ಲಿ ಈ ಹಕ್ಕು ಸ್ವಲ್ಪ ಸ್ವಲ್ಪವಾಗಿ ಬೇರೂರಿತು. 1906ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕೆನರಾ ಬ್ಯಾಂಕಿನ ಒಂದು ಪ್ರಕರಣ ಇಲ್ಲಿ ಉಲ್ಲೇಖಾರ್ಹ. ಗ್ರಾಹಕರ ದಾಖಲೆಗಳು ಬ್ಯಾಂಕಿನ ವಶದಲ್ಲಿದ್ದ ಮಾತ್ರಕ್ಕೆ ಗ್ರಾಹಕರು ಅವುಗಳ ಮೇಲಿನ ಖಾಸಗಿತನದ ಹಕ್ಕನ್ನು ಕಳೆದುಕೊಳ್ಳುವುದಿಲ್ಲ ಎಂದು ಸರ್ವೋಚ್ಚ ನ್ಯಾಯಾಲಯ 2004ರಲ್ಲಿ ತೀರ್ಮಾನಿಸಿತು. ಈ ಹಕ್ಕು ಇರುವುದು ವ್ಯಕ್ತಿಗೆ, ಸ್ಥಳಕ್ಕಲ್ಲ ಎಂಬುದು ಅದರ ತಿರುಳು. ನಮ್ಮ ವಿವರ ಇನ್ನೊಬ್ಬರ ಕಪಾಟಿನಲ್ಲಿದ್ದರೂ ಅದು ನಮ್ಮದೇ. ಕಪಾಟಿನ ಒಡೆಯ ಅದರ ಪಾಲಕ ಮಾತ್ರ.

ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ

ಆಧಾರ್ ಯೋಜನೆಯು ಆರಂಭದ ವರ್ಷಗಳಲ್ಲಿ ಸರ್ಕಾರದ ಆಡಳಿತಾತ್ಮಕ ಆದೇಶದ ಬಲದಿಂದಲೇ ನಡೆಯುತ್ತಿತ್ತು. 2010ರ ಡಿಸೆಂಬರಿನಲ್ಲಿ ಸಂಸತ್ತಿನಲ್ಲಿ ಮಂಡಿತವಾದ ಮಸೂದೆಯನ್ನು ಹಣಕಾಸಿನ ಸ್ಥಾಯಿ ಸಮಿತಿಯು 2011ರ ಡಿಸೆಂಬರಿನಲ್ಲಿ ಒಪ್ಪಲಿಲ್ಲ. ಆದರೂ ಬೆರಳಚ್ಚಿನ ಸಂಗ್ರಹ ಮುಂದುವರಿದಿತ್ತು. ಸಂಸತ್ತಿನ ಕಾನೂನಿಲ್ಲದೆ ನಾಗರಿಕರಿಂದ ಇಂಥ ವಿವರ ಪಡೆಯಬಹುದೆ ಎಂದು ಪ್ರಶ್ನಿಸಿ, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು 2012ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ರಿಟ್ ಅರ್ಜಿ ಸಲ್ಲಿಸಿದರು. ಆಗ ಅವರಿಗೆ ಎಂಬತ್ತಾರು ವರ್ಷ. ಬೆಂಗಳೂರಿನಲ್ಲಿ ನೆಲೆಸಿದ್ದ ಆ ಹಿರಿಯರು 2024ರ ಅಕ್ಟೋಬರ್ 28ರಂದು, ತಮ್ಮ ತೊಂಬತ್ತೆಂಟನೆಯ ವಯಸ್ಸಿನಲ್ಲಿ ನಿಧನರಾದರು.

2013ರ ಸೆಪ್ಟೆಂಬರ್ 23ರಂದು ನ್ಯಾಯಾಲಯವು, ಆಧಾರ್ ಇಲ್ಲವೆಂಬ ಕಾರಣಕ್ಕೆ ಯಾರೂ ತೊಂದರೆಗೊಳಗಾಗಬಾರದು ಎಂದು ಮಧ್ಯಂತರ ಆದೇಶ ನೀಡಿತು. ಮರುವರ್ಷ ಇನ್ನೊಂದು ಮುಖ್ಯ ಪ್ರಸಂಗ ಎದುರಾಯಿತು. ಗೋವಾದಲ್ಲಿ ನಡೆದ ಒಂದು ಘೋರ ಅಪರಾಧದ ತನಿಖೆಗಾಗಿ, ಆ ರಾಜ್ಯದಲ್ಲಿ ಆಧಾರ್ ಪಡೆದ ಎಲ್ಲರ ಬೆರಳಚ್ಚುಗಳನ್ನೂ ಒದಗಿಸಬೇಕೆಂದು ಕೇಂದ್ರೀಯ ತನಿಖಾ ದಳವು ಕೇಳಿತ್ತು. ಕೊಡಲು ಒಪ್ಪದ ಪ್ರಾಧಿಕಾರ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಿತು. 2014ರ ಮಾರ್ಚ್ 24ರಂದು ನ್ಯಾಯಾಲಯವು, ವ್ಯಕ್ತಿಯ ಲಿಖಿತ ಒಪ್ಪಿಗೆಯಿಲ್ಲದೆ ಆತನ ಜೈವಿಕ ವಿವರಗಳನ್ನು ಬೇರಾವ ಸಂಸ್ಥೆಗೂ ವರ್ಗಾಯಿಸಬಾರದೆಂದು ಆದೇಶಿಸಿತು. ಅಪರಾಧಿಯನ್ನು ಹಿಡಿಯಬೇಕೆಂಬ ಉದ್ದೇಶ ನ್ಯಾಯವಾದುದೇ. ಆದರೆ ಒಬ್ಬನನ್ನು ಹುಡುಕಲು ಲಕ್ಷಾಂತರ ನಿರಪರಾಧಿಗಳನ್ನು ಶಂಕಿತರ ಸಾಲಿನಲ್ಲಿ ನಿಲ್ಲಿಸುವುದು ಸರಿಯೆ ಎಂಬುದು ಅಲ್ಲಿ ಅಡಗಿದ್ದ ಪ್ರಶ್ನೆ.

2015ರಲ್ಲಿ ಸರ್ಕಾರದ ಪರವಾಗಿ, 1954 ಮತ್ತು 1962ರ ತೀರ್ಪುಗಳನ್ನು ಆಧರಿಸಿ, ಖಾಸಗಿತನವು ಮೂಲಭೂತ ಹಕ್ಕಲ್ಲವೆಂಬ ವಾದ ಮಂಡಿತವಾಯಿತು. ಇದರ ಇತ್ಯರ್ಥಕ್ಕಾಗಿ ಒಂಬತ್ತು ನ್ಯಾಯಾಧೀಶರ ಪೀಠ ರಚನೆಯಾಯಿತು. ಕರ್ನಾಟಕದಿಂದ ಬಂದ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್ ಅವರೂ ಅದರ ಸದಸ್ಯರಾಗಿದ್ದರು. 2017ರ ಆಗಸ್ಟ್ 24ರಂದು ಒಂಬತ್ತು ಮಂದಿಯೂ ಒಮ್ಮತದಿಂದ, ಖಾಸಗಿತನವು ಸಂವಿಧಾನದ 21ನೆಯ ಅನುಚ್ಛೇದದ ಜೀವ ಮತ್ತು ವ್ಯಕ್ತಿಸ್ವಾತಂತ್ರ್ಯದ ಅವಿಭಾಜ್ಯ ಅಂಗವೆಂದು ಸಾರಿದರು.

ಆದರೆ ಈ ಹಕ್ಕು ನಿರಂಕುಶವಲ್ಲ. ರಾಜ್ಯವು ಅದರ ಮೇಲೆ ಕೈಯಿಡಬೇಕಾದರೆ ಮೂರು ಪರೀಕ್ಷೆಗಳಲ್ಲಿ ತೇರ್ಗಡೆಯಾಗಬೇಕು. ಮೊದಲನೆಯದಾಗಿ, ಅದಕ್ಕೆ ಒಂದು ಕಾನೂನು ಇರಬೇಕು. ಎರಡನೆಯದಾಗಿ, ಉದ್ದೇಶ ನ್ಯಾಯಸಮ್ಮತವಾಗಿರಬೇಕು. ಮೂರನೆಯದಾಗಿ, ಕೈಗೊಂಡ ಕ್ರಮವು ಆ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು, ಅದನ್ನು ಮೀರಬಾರದು.

ಕಾನೂನು ತೆರೆದಿಟ್ಟ ಬಾಗಿಲುಗಳು

2016ರಲ್ಲಿ ಸಂಸತ್ತು ಆಧಾರ್ ಅಧಿನಿಯಮವನ್ನು ಅಂಗೀಕರಿಸಿತು. 2018ರ ಸೆಪ್ಟೆಂಬರ್ 26ರಂದು ಸರ್ವೋಚ್ಚ ನ್ಯಾಯಾಲಯದ ಐವರು ನ್ಯಾಯಾಧೀಶರ ಪೀಠವು ನಾಲ್ಕು-ಒಂದರ ಬಹುಮತದಿಂದ ಅದನ್ನು ಎತ್ತಿಹಿಡಿದರೂ ಹಲವು ಅಂಶಗಳನ್ನು ತೆಗೆದುಹಾಕಿತು. ಮೊಬೈಲ್ ಸಂಪರ್ಕಕ್ಕೆ ಮತ್ತು ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆಯ ಕಡ್ಡಾಯ ರದ್ದಾಯಿತು. ಪ್ಯಾನ್ ಜೋಡಣೆ ಉಳಿಯಿತು. ಒಪ್ಪಂದದ ಆಧಾರದ ಮೇಲೆ ಖಾಸಗಿ ಸಂಸ್ಥೆಗಳು ಆಧಾರ್ ಬಳಸುವ ಅವಕಾಶವೂ ಹೋಯಿತು. ದೃಢೀಕರಣದ ದಾಖಲೆಗಳನ್ನು ಆರು ತಿಂಗಳಿಗಿಂತ ಹೆಚ್ಚು ಕಾಲ ಇಡಬಾರದೆಂದಾಯಿತು. ಇಡೀ ಅಧಿನಿಯಮವೇ ಸಂವಿಧಾನಬಾಹಿರವೆಂದು ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಅವರು ಭಿನ್ನಮತ ನೀಡಿದರು. 2019ರ ತಿದ್ದುಪಡಿಯು ಕಾನೂನನ್ನು ಹೊಸದಾಗಿ ಹೊಂದಿಸಿತು. 2025ರ ಜನವರಿಯ ನಿಯಮಗಳಂತೆ ಖಾಸಗಿ ಸಂಸ್ಥೆಗಳು ಸರ್ಕಾರದ ಅನುಮೋದನೆ ಪಡೆದು, ಜನರ ಸ್ವಇಚ್ಛೆಯ ಮೇರೆಗೆ ದೃಢೀಕರಣವನ್ನು ಬಳಸಬಹುದಾಗಿದೆ.

ಇಂದು ದಾಖಲೆಯ ಭಂಡಾರಕ್ಕೆ ಇರುವ ನ್ಯಾಯಬದ್ಧ ಬಾಗಿಲುಗಳನ್ನು ಹೀಗೆ ಸಂಗ್ರಹಿಸಬಹುದು:

1. ಸಂಖ್ಯೆಯನ್ನು ಹೊಂದಿದ ವ್ಯಕ್ತಿ. ತನ್ನ ಗುರುತಿನ ವಿವರವನ್ನೂ, ತನ್ನ ಸಂಖ್ಯೆಯನ್ನು ಯಾವಾಗ ದೃಢೀಕರಿಸಲಾಯಿತು ಎಂಬ ದಾಖಲೆಯನ್ನೂ ಪಡೆಯಲು ಆತ ಹಕ್ಕುಳ್ಳವನು.

2. ಒಪ್ಪಿಗೆ ಪಡೆದ ಸಂಸ್ಥೆ. ಯಾವ ವಿವರ, ಯಾವ ಉದ್ದೇಶಕ್ಕೆ ಎಂಬುದನ್ನು ಮೊದಲೇ ತಿಳಿಸಬೇಕು. ಆ ಉದ್ದೇಶವನ್ನು ಬಿಟ್ಟು ಬೇರೆಯದಕ್ಕೆ ಬಳಸುವಂತಿಲ್ಲ. ನೀವು ಯಾವ ಕೆಲಸಕ್ಕಾಗಿ ದೃಢೀಕರಿಸಿಕೊಂಡಿರಿ ಎಂಬ ಮಾಹಿತಿಯನ್ನು ಪ್ರಾಧಿಕಾರವು ಸಂಗ್ರಹಿಸಬಾರದು.

3. ಉಚ್ಚ ನ್ಯಾಯಾಲಯ. 33ನೆಯ ಕಲಮಿನ ಒಂದನೆಯ ಉಪಕಲಮಿನಂತೆ, ಉಚ್ಚ ನ್ಯಾಯಾಲಯದ ನ್ಯಾಯಾಧೀಶರಿಗಿಂತ ಕಡಮೆಯಲ್ಲದ ನ್ಯಾಯಾಲಯದ ಆದೇಶದಿಂದ ಮಾತ್ರ ವಿವರಗಳನ್ನು ಬಹಿರಂಗಪಡಿಸಬಹುದು. 2016ರಲ್ಲಿ ಜಿಲ್ಲಾ ನ್ಯಾಯಾಧೀಶರಿಗಿದ್ದ ಈ ಅಧಿಕಾರವನ್ನು 2019ರಲ್ಲಿ ಮೇಲಕ್ಕೇರಿಸಲಾಯಿತು. ಆದೇಶಕ್ಕೆ ಮುನ್ನ ಪ್ರಾಧಿಕಾರದ ಜೊತೆಗೆ ಸಂಬಂಧಪಟ್ಟ ವ್ಯಕ್ತಿಯ ಅಹವಾಲನ್ನೂ ಕೇಳಲೇಬೇಕು. ಬೆರಳಚ್ಚು ಮತ್ತು ಕಣ್ಣುಪಾಪೆಯ ವಿವರಗಳನ್ನು ಇಲ್ಲಿಯೂ ಕೊಡುವಂತಿಲ್ಲ.

4. ರಾಷ್ಟ್ರದ ಭದ್ರತೆ. ಭಾರತ ಸರ್ಕಾರದ ಕಾರ್ಯದರ್ಶಿಯ ದರ್ಜೆಗೆ ಕಡಮೆಯಲ್ಲದ, ವಿಶೇಷವಾಗಿ ಅಧಿಕೃತನಾದ ಅಧಿಕಾರಿಯ ನಿರ್ದೇಶನ ಬೇಕು. ಸಂಪುಟ ಕಾರ್ಯದರ್ಶಿಯ ಅಧ್ಯಕ್ಷತೆಯ ಮೇಲ್ವಿಚಾರಣಾ ಸಮಿತಿ ಅದನ್ನು ಪರಿಶೀಲಿಸಬೇಕು. ಅದರ ಅವಧಿ ಮೂರು ತಿಂಗಳು.

ಇವುಗಳಲ್ಲಿ ಮೂರನೆಯ ಬಾಗಿಲು ಸಾಮಾನ್ಯ ಕುಟುಂಬವೊಂದರ ಬದುಕಿನಲ್ಲಿ ಎಂಥ ಪ್ರಶ್ನೆಯನ್ನು ತರಬಲ್ಲದು ಎಂಬುದನ್ನು ಈಗ ನೋಡೋಣ.

ಹುಬ್ಬಳ್ಳಿಯ ಪ್ರಕರಣ

ಹುಬ್ಬಳ್ಳಿಯ ಒಬ್ಬ ಮಹಿಳೆಗೆ ಪತಿಯಿಂದ ಜೀವನಾಂಶ ಕೊಡಿಸುವಂತೆ ಕೌಟುಂಬಿಕ ನ್ಯಾಯಾಲಯ ಆದೇಶ ನೀಡಿತ್ತು. ಆದರೆ ಪತಿ ಎಲ್ಲಿದ್ದಾನೆಂದು ತಿಳಿಯದೆ ಆ ಆದೇಶ ಕೈಗೂಡಲಿಲ್ಲ. ಆಕೆ ಮಾಹಿತಿ ಹಕ್ಕಿನ ಕಾನೂನಿನಡಿ, ಪತಿಯ ಆಧಾರ್ ದಾಖಲೆಯಲ್ಲಿರುವ ವಿಳಾಸವನ್ನು ತಿಳಿಸುವಂತೆ ಪ್ರಾಧಿಕಾರವನ್ನು ಕೇಳಿದರು. 33ನೆಯ ಕಲಮನ್ನು ಉಲ್ಲೇಖಿಸಿ ಪ್ರಾಧಿಕಾರವು 2021ರಲ್ಲಿ ಅರ್ಜಿಯನ್ನು ತಿರಸ್ಕರಿಸಿತು. ಆಕೆ ಉಚ್ಚ ನ್ಯಾಯಾಲಯಕ್ಕೆ ಹೋದರು. ಪತಿಗೆ ನೋಟಿಸು ನೀಡಿ, ಆತನ ಮಾತನ್ನು ಕೇಳಿ ಪ್ರಾಧಿಕಾರವೇ ತೀರ್ಮಾನಿಸಲಿ ಎಂದು ಏಕಸದಸ್ಯ ಪೀಠವು 2023ರ ಫೆಬ್ರವರಿಯಲ್ಲಿ ನಿರ್ದೇಶಿಸಿತು.

ಮೇಲ್ಮನವಿಯನ್ನು ಆಲಿಸಿದ ಧಾರವಾಡದ ವಿಭಾಗೀಯ ಪೀಠವು ಅದೇ ವರ್ಷದ ನವೆಂಬರಿನಲ್ಲಿ ಆ ನಿರ್ದೇಶನವನ್ನು ಬದಿಗಿರಿಸಿತು. ಅಹವಾಲು ಕೇಳಿ ತೀರ್ಮಾನಿಸುವ ಹೊಣೆಯನ್ನು ಕಾನೂನು ಉಚ್ಚ ನ್ಯಾಯಾಲಯಕ್ಕೆ ಕೊಟ್ಟಿರುವಾಗ ಅದನ್ನು ಪ್ರಾಧಿಕಾರದ ಅಧಿಕಾರಿಗೆ ವಹಿಸಲಾಗದು ಎಂಬುದು ಪೀಠದ ನಿಲುವು. ವಿವಾಹವು ಇಬ್ಬರನ್ನು ಕೂಡಿಸಿದರೂ ಅದರಿಂದ ಒಬ್ಬೊಬ್ಬರ ಖಾಸಗಿತನದ ಹಕ್ಕು ಮರೆಯಾಗುವುದಿಲ್ಲ ಎಂದೂ ಅದು ಹೇಳಿತು. ಪತಿಯನ್ನು ಪ್ರತಿವಾದಿಯನ್ನಾಗಿ ಸೇರಿಸಿ ಹೊಸದಾಗಿ ವಿಚಾರಿಸುವಂತೆ ಪ್ರಕರಣವನ್ನು ಏಕಸದಸ್ಯ ಪೀಠಕ್ಕೆ ಹಿಂದಿರುಗಿಸಿತು.

ಇದನ್ನು ಓದಿದವರಿಗೆ ಮೊದಲು ಹುಟ್ಟುವುದು ಆ ಮಹಿಳೆಯ ಮೇಲಿನ ಮರುಕ. ಜೀವನಾಂಶದ ಆದೇಶ ಕೈಯಲ್ಲಿದೆ, ಮಗುವನ್ನು ಸಾಕಬೇಕಾಗಿದೆ, ವಿಳಾಸ ಸರ್ಕಾರದ ದಾಖಲೆಯಲ್ಲಿಯೇ ಇದೆ. ಆದರೂ ದೊರೆಯುತ್ತಿಲ್ಲ. ಹೊಣೆ ತಪ್ಪಿಸಿಕೊಂಡವನಿಗೆ ಕಾನೂನು ನೆರಳು ನೀಡಿದಂತಾಗಲಿಲ್ಲವೆ?

ಈ ಪ್ರಶ್ನೆಯನ್ನು ಹಗುರವಾಗಿ ಕಾಣಲಾಗದು. ಆದರೆ ಇದೇ ಬಾಗಿಲನ್ನು ಇನ್ನೊಂದು ಕಡೆಯಿಂದಲೂ ನೋಡಬೇಕು. ಹೊಡೆತ ತಾಳಲಾರದೆ ಮನೆ ಬಿಟ್ಟು, ಬೇರೊಂದು ಊರಿನಲ್ಲಿ ಮಗುವಿನೊಡನೆ ತಲೆಮರೆಸಿಕೊಂಡು ಬದುಕುತ್ತಿರುವ ಹೆಂಡತಿಯನ್ನು ಊಹಿಸಿಕೊಳ್ಳಿ. ಆಕೆಯೂ ಹೊಸ ಊರಿನಲ್ಲಿ ಪಡಿತರಕ್ಕಾಗಿ, ಮಗುವಿನ ಶಾಲೆಗಾಗಿ ಆಧಾರ್ ವಿಳಾಸವನ್ನು ಬದಲಾಯಿಸಿಕೊಂಡಿರುತ್ತಾಳೆ. ವಿವಾಹ ಸಂಬಂಧವೊಂದೇ ಸಾಕೆಂದಾದರೆ, ನಾಳೆ ಆಕೆಯ ಗಂಡನೂ ಒಂದು ಅರ್ಜಿ ಬರೆದು ಆ ವಿಳಾಸವನ್ನು ಪಡೆಯಬಹುದು. ಕಚೇರಿಯ ಮೇಜಿನ ಮೇಲೆ ಎರಡು ಅರ್ಜಿಗಳೂ ಒಂದೇ ರೀತಿ ಕಾಣುತ್ತವೆ. ಒಂದರಲ್ಲಿ ನ್ಯಾಯವೂ ಇನ್ನೊಂದರಲ್ಲಿ ಅಪಾಯವೂ ಇರುವುದನ್ನು ಗುರುತಿಸಬೇಕಾದರೆ ಇಬ್ಬರ ಮಾತನ್ನೂ ಕೇಳಬಲ್ಲ ನ್ಯಾಯಾಧೀಶರು ಬೇಕು. ಎದುರಿನವರನ್ನೂ ಕೇಳಬೇಕೆಂಬ ನಿಯಮದ ಅರ್ಥ ಇದು.

ಹಾಗಾಗಿ ಹುಬ್ಬಳ್ಳಿಯ ಮಹಿಳೆಗೆ ಕಾನೂನು ‘ಇಲ್ಲ’ ಎನ್ನಲಿಲ್ಲ, ‘ಈ ಬಾಗಿಲಿನಿಂದ ಅಲ್ಲ’ ಎಂದಿತು. ಆದರೆ ಸರಿಯಾದ ಬಾಗಿಲು ದೂರದಲ್ಲಿದೆ ಎಂಬುದನ್ನೂ ಒಪ್ಪಿಕೊಳ್ಳಬೇಕು. ಉಚ್ಚ ನ್ಯಾಯಾಲಯದ ಮೆಟ್ಟಿಲೇರಲು ಹಣ ಬೇಕು, ಕಾಲ ಬೇಕು, ವಕೀಲರು ಬೇಕು. ಬಡವರಿಗೆ ಈ ದೂರವನ್ನು ಕಡಮೆ ಮಾಡದಿದ್ದರೆ ಖಾಸಗಿತನದ ರಕ್ಷಣೆಯ ಭಾರವನ್ನು ದುರ್ಬಲರೇ ಹೊರಬೇಕಾಗುತ್ತದೆ. ಮಹಿಳೆಯರಿಗೆ ಮತ್ತು ಮಕ್ಕಳಿಗೆ ಕಾನೂನು ಸೇವಾ ಪ್ರಾಧಿಕಾರಗಳಿಂದ ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ಅವರ ಆದಾಯ ಎಷ್ಟೆಂಬುದು ಇದಕ್ಕೆ ಅಡ್ಡಿಯಲ್ಲ. ಉಚ್ಚ ನ್ಯಾಯಾಲಯದಲ್ಲಿಯೂ ಈ ನೆರವಿನ ಸಮಿತಿ ಇರುತ್ತದೆ. ಇಂಥ ಸಂದರ್ಭದಲ್ಲಿ ಮೊದಲು ನೆನೆಯಬೇಕಾದ ನೆರವು ಇದು.

ನಾಗರಿಕರು ಗಮನಿಸಬೇಕಾದ ಸಂಗತಿಗಳು

2022ರ ಮೇ ತಿಂಗಳಲ್ಲಿ ಪ್ರಾಧಿಕಾರದ ಬೆಂಗಳೂರು ಪ್ರಾದೇಶಿಕ ಕಚೇರಿಯು, ಆಧಾರ್ ನಕಲನ್ನು ಎಲ್ಲರಿಗೂ ಕೊಡಬೇಡಿ ಎಂಬ ಪ್ರಕಟಣೆ ಹೊರಡಿಸಿತು. ಅದಕ್ಕೆ ತಪ್ಪು ಅರ್ಥ ಬರಬಹುದೆಂದು ಕೇಂದ್ರ ಸಚಿವಾಲಯವು ಎರಡೇ ದಿನಗಳಲ್ಲಿ ಅದನ್ನು ಹಿಂದೆಗೆದುಕೊಂಡು, ಸಾಮಾನ್ಯ ವಿವೇಕವನ್ನು ಬಳಸಿದರೆ ಸಾಕು ಎಂದಿತು. ಆ ವಿವೇಕವೆಂದರೇನು ಎಂಬುದನ್ನು ಬಿಡಿಸಿ ಹೇಳುವುದು ಉಚಿತ.

ಸಂಖ್ಯೆಯನ್ನು ಕೇಳಿದವರಿಗೆ ‘ಯಾವ ಉದ್ದೇಶಕ್ಕೆ?’ ಎಂದು ಕೇಳಿರಿ. ಇದು ಉದ್ಧಟತನವಲ್ಲ, ಕಾನೂನು ನೀಡಿದ ಹಕ್ಕು. ನಕಲು ಕೊಡಬೇಕಾದಲ್ಲಿ ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಮುಸುಕಿನ ಆಧಾರ್ ಸಾಕಾಗುವುದೆ ಎಂದು ವಿಚಾರಿಸಿರಿ. 2018ರಿಂದ ಹದಿನಾರು ಅಂಕಿಗಳ ತಾತ್ಕಾಲಿಕ ಸಂಖ್ಯೆಯನ್ನು ಪಡೆದು, ಮೂಲ ಸಂಖ್ಯೆಯ ಬದಲು ಅದನ್ನು ಬಳಸುವ ಸೌಲಭ್ಯವಿದೆ. ಬೆರಳಚ್ಚನ್ನು ಯಾರೂ ದುರುಪಯೋಗ ಮಾಡದಂತೆ ಅದಕ್ಕೆ ಬೀಗ ಹಾಕಿಡಬಹುದು. ಕಳೆದ ಆರು ತಿಂಗಳ ದೃಢೀಕರಣದ ವಿವರವನ್ನು ಆಗಾಗ್ಗೆ ಪರಿಶೀಲಿಸಿದರೆ ಅಪರಿಚಿತ ಬಳಕೆ ಬೆಳಕಿಗೆ ಬರುತ್ತದೆ. ದೂರವಾಣಿಯಲ್ಲಿ ಒಂದು ಬಾರಿಯ ಗುಪ್ತ ಸಂಖ್ಯೆಯನ್ನು ಕೇಳಿದವರಿಗೆ ಎಂದಿಗೂ ಹೇಳಬೇಡಿರಿ. ಸಂದೇಹ ಬಂದಾಗ ಪ್ರಾಧಿಕಾರದ 1947 ಎಂಬ ಸಹಾಯವಾಣಿಗೆ ಕರೆ ಮಾಡಬಹುದು. ದೇಶಕ್ಕೆ ಸ್ವಾತಂತ್ರ್ಯ ಬಂದ ವರ್ಷವೇ ಈ ಸಂಖ್ಯೆಯಾದುದರಿಂದ ನೆನಪಿನಲ್ಲಿಡುವುದು ಸುಲಭ.

ಹೊಣೆ ಕಚೇರಿಗಳಿಗೂ ಇದೆ. ಫಲಾನುಭವಿಗಳ ಪಟ್ಟಿಯಲ್ಲಿ ಆಧಾರ್ ಸಂಖ್ಯೆಯನ್ನು ಪ್ರಕಟಿಸಿ ಗೋಡೆಗೆ ಅಂಟಿಸುವುದು ಕಾನೂನಿಗೆ ವಿರುದ್ಧ. 2018ರ ತೀರ್ಪಿನ ಅನಂತರ, ಅಪರಾಧ ನಡೆದಾಗ ಬಾಧಿತ ವ್ಯಕ್ತಿಯೂ ದೂರು ನೀಡಬಹುದು. ಇದಲ್ಲದೆ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು ರಚಿತವಾಗಿ, 2025ರ ನವೆಂಬರಿನಲ್ಲಿ ಅದರ ನಿಯಮಗಳು ಪ್ರಕಟವಾಗಿವೆ. ಅದು ಹಂತಹಂತವಾಗಿ ಜಾರಿಗೆ ಬರುವಂತೆ ವ್ಯವಸ್ಥೆಯಾಗಿದೆ.

ಉಪಸಂಹಾರ

ಖಾಸಗಿತನವೆಂದರೆ ಮುಚ್ಚಿಡುವುದು ಎಂಬ ತಪ್ಪು ತಿಳಿವಳಿಕೆ ಹಲವರಲ್ಲಿದೆ. ‘ನನ್ನಲ್ಲಿ ಮುಚ್ಚಿಡುವಂಥದು ಏನೂ ಇಲ್ಲ, ಯಾರಾದರೂ ನೋಡಲಿ’ ಎನ್ನುವವರೂ ಉಂಟು. ಆದರೆ ಈ ಹಕ್ಕಿನ ತಿರುಳು ಗುಟ್ಟಿನಲ್ಲಿಲ್ಲ, ‘ನನ್ನನ್ನು ಕೇಳಿರಿ’ ಎನ್ನುವುದರಲ್ಲಿದೆ. ನಮ್ಮ ವಿವರ ಇನ್ನೊಬ್ಬರ ಕೈಗೆ ಹೋಗುವ ಮುನ್ನ ನಮ್ಮ ಒಪ್ಪಿಗೆ ಪಡೆಯಬೇಕು; ಒಪ್ಪಿಗೆ ಸಾಧ್ಯವಿಲ್ಲದಲ್ಲಿ ನ್ಯಾಯಾಲಯವು ನಮ್ಮ ಮಾತನ್ನು ಆಲಿಸಬೇಕು. ಹಿರಿಯ ನ್ಯಾಯಮೂರ್ತಿಯೊಬ್ಬರು ಬೆಂಗಳೂರಿನಿಂದ ದೆಹಲಿಗೆ ಕೊಂಡೊಯ್ದ ಪ್ರಶ್ನೆಯಿಂದ ದೊರೆತ ಫಲ ಇದು. ಹುಬ್ಬಳ್ಳಿಯ ಮಹಿಳೆಯಂಥವರಿಗೆ ನ್ಯಾಯದ ಬಾಗಿಲು ಹತ್ತಿರವಾದಾಗ, ಮತ್ತು ಆ ಬಾಗಿಲನ್ನು ಬಳಸುವವರೆಲ್ಲರೂ ಎದುರಿನವರ ಹಕ್ಕನ್ನೂ ಗೌರವಿಸಿದಾಗ, ಅದು ಪೂರ್ಣಫಲವಾಗುತ್ತದೆ.